ನಾಶವೇ ಆಗದಿದ್ದರೆ ಕರೆಂಟ್ ಯಾಕೆ ಉಳಿಸಬೇಕು?

(ಸಾಗರ ತಾಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: ಒಂಬತ್ತನೇ ತರಗತಿಯಲ್ಲಿ "ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು" ಎಂದು ಬರೆಸಿ ಮುಗಿಸುವಷ್ಟರಲ್ಲಿ ಹುಡುಗನೊಬ್ಬ ಎದ್ದು ನಿಂತ. "ನಾಶ ಆಗೋದೇ ಇಲ್ಲ ಅಂದ್ರೆ ಕರೆಂಟ್ ಉಳಿಸಿ ಅಂತ ಯಾಕೆ ಹೇಳ್ತಾರೆ ಮಿಸ್?" ಎಂದ. ತಾವು ಕೊಟ್ಟ ಉತ್ತರ ತಮಗೇ ಸಮಾಧಾನ ತರಲಿಲ್ಲ, ಈ ಪಾಠವನ್ನು ಹೇಗೆ ಮಾಡಬೇಕು ಎಂದು ಕೇಳಿದ್ದಾರೆ.)

ಪ್ರಿಯ ಮೇಡಂ,

ಆ ಹುಡುಗ ಪಾಠವನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಹಾಗಾಗಿಯೇ ಈ ಪ್ರಶ್ನೆ ಬಂದಿದೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ನಿಯಮವನ್ನು ಮೊದಲು ಬರೆಸಬೇಡಿ, ಕೊನೆಗೆ ಬರೆಸಿ. ಅದಕ್ಕೂ ಮುಂಚೆ ಮಕ್ಕಳು ಶಕ್ತಿಯನ್ನು ಅಳೆಯಲಿ. "ರಾಸಾಯನಿಕ ಶಕ್ತಿ ವಿದ್ಯುತ್ ಶಕ್ತಿಯಾಯಿತು, ಅದು ಬೆಳಕಿನ ಶಕ್ತಿಯಾಯಿತು" ಎಂದು ಬಾಣದ ಗುರುತು ಹಾಕಿ ಹೆಸರು ತುಂಬುವುದರಿಂದ ಪರೀಕ್ಷೆಯಲ್ಲಿ ಅಂಕ ಬರಬಹುದು. ಆದರೆ ಎಷ್ಟು ಇತ್ತು, ಎಷ್ಟು ಎಲ್ಲಿಗೆ ಹೋಯಿತು ಎಂಬ ಲೆಕ್ಕವೇ ಇಲ್ಲದಿದ್ದರೆ, ಉಳಿಯುತ್ತದೆ ಎಂಬ ಮಾತಿಗೆ ಅರ್ಥ ಎಲ್ಲಿಂದ ಬರಬೇಕು?

ಮೆಟ್ಟಿಲಿನಿಂದ ಶುರು ಮಾಡಿ. 40 ಕೆಜಿ ತೂಕದ ಹುಡುಗಿ 3 ಮೀಟರ್ ಎತ್ತರದ ಮಹಡಿ ಹತ್ತಿದರೆ ಸುಮಾರು 1,200 ಜೂಲ್ (ಜೂಲ್ ಅಂದರೆ ಶಕ್ತಿಯನ್ನು ಅಳೆಯುವ ಮಾನ). ಆಮೇಲೆ ಮನೆಯಿಂದ ಕರೆಂಟ್ ಬಿಲ್ ತರಲು ಹೇಳಿ. ಗೃಹಜ್ಯೋತಿ ಬಂದ ಮೇಲೆ ಕಟ್ಟುವ ಹಣ ಸೊನ್ನೆ ಇರಬಹುದು, ಯೂನಿಟ್ ಅಂತೂ ಅಚ್ಚಾಗಿರುತ್ತದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅಂದರೆ ಆ ಹುಡುಗಿ ಮೂರು ಸಾವಿರ ಸಲ ಮಹಡಿ ಹತ್ತಬೇಕು! ಈ ಭಾಗಾಕಾರ ಮಕ್ಕಳೇ ಮಾಡಲಿ.

ಇನ್ನು ಪ್ರಯೋಗ. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಒಂದು ಮೀಟರ್ ಉದ್ದದ ಪಿವಿಸಿ ಪೈಪು, ಎರಡು ತುದಿಗೂ ಬಿರಡೆ, ಒಳಗೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಉಕ್ಕಿನ ಬೇರಿಂಗ್ ಗುಂಡುಗಳು. ತಳದಲ್ಲಿ ಹತ್ತು ಸೆಂಟಿಮೀಟರ್ ತುಂಬುವಷ್ಟು ಸಾಕು. ಗುಂಡುಗಳ ಉಷ್ಣತೆ ನೋಡಿಕೊಂಡು, ಪೈಪನ್ನು ಬೇಗ ಬೇಗ ನೂರು ಸಲ ತಲೆಕೆಳಗು ಮಾಡಿ. ಪ್ರತಿ ಸಲವೂ ಗುಂಡುಗಳು 90 ಸೆಂಟಿಮೀಟರ್ ಬೀಳುತ್ತವೆ, ಬಡಿದಾಗ ಆ ಶಕ್ತಿ ಶಾಖವಾಗುತ್ತದೆ. ಲೆಕ್ಕದ ಪ್ರಕಾರ ಉಷ್ಣತೆ ಸುಮಾರು 2 ಡಿಗ್ರಿ ಏರಬೇಕು. ಬಿರಡೆಗೂ ಪೈಪಿಗೂ ಸ್ವಲ್ಪ ಶಾಖ ಹೋಗುವುದರಿಂದ ಕಡಿಮೆಯೇ ಬರುತ್ತದೆ. ಆ ಕೊರತೆ ಎಲ್ಲಿ ಹೋಯಿತು ಎಂದು ಮಕ್ಕಳನ್ನೇ ಹುಡುಕಲು ಬಿಡಿ, ಪಾಠ ಇರುವುದೇ ಅಲ್ಲಿ. ಎರಡು ಎಚ್ಚರಿಕೆ: ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ದಶಮಾಂಶ ತೋರಿಸುವ ಬೇರೆ ಡಿಜಿಟಲ್ ಥರ್ಮಾಮೀಟರ್ ಬೇಕು. ಪೈಪು ಹಿಡಿಯುವ ಜಾಗಕ್ಕೆ ದಪ್ಪ ಬಟ್ಟೆ ಸುತ್ತಿ, ಇಲ್ಲದಿದ್ದರೆ ಕೈಯ ಬಿಸಿಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಮಾಡಿದ್ದೂ ಇದೇ ಜಾತಿಯ ಕೆಲಸ. ತೂಕದ ಕಲ್ಲುಗಳು ಕೆಳಗಿಳಿಯುವಾಗ ನೀರಿನೊಳಗಿನ ರೆಕ್ಕೆಗಳು ತಿರುಗುವಂತೆ ಮಾಡಿ, ನೀರು ಎಷ್ಟು ಬಿಸಿಯಾಯಿತು ಎಂದು ಅಳೆದರು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು.

ಈ ಅಂಕಿ ಕೈಯಲ್ಲಿದ್ದರೆ ನಿಮ್ಮ ಹುಡುಗನಿಗೆ ಉತ್ತರ ನಿಮ್ಮೂರ ಪಕ್ಕದಲ್ಲೇ ಇದೆ. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬೀಳುವ ಪ್ರತಿ ಲೀಟರ್ ನೀರಿನ ಲೆಕ್ಕ ಸುಮಾರು 2,500 ಜೂಲ್. ಬಂಡೆಗೆ ಬಡಿದು ಅದೆಲ್ಲ ಆ ನೀರಿನಲ್ಲೇ ಶಾಖವಾಗಿ ಉಳಿದರೆ ಏರುವುದು 0.6 ಡಿಗ್ರಿ, ಅಷ್ಟೇ. (ಅಲ್ಲಿ ಹೋಗಿ ಅಳೆಯುತ್ತೇನೆ ಎಂದರೆ ಗಾಳಿ, ತುಂತುರು ಅಡ್ಡ ಬರುತ್ತವೆ.) ಶರಾವತಿಯ ನೀರನ್ನೇ ಪೈಪಿನಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ ಅದೇ ಎತ್ತರ ಕರೆಂಟ್ ಕೊಡುತ್ತದೆ. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ 1948ರಿಂದ ಮಾಡುತ್ತಿರುವುದು ಇದನ್ನೇ. ಎರಡು ಕಡೆಯೂ ಜೂಲ್ ಒಂದೂ ಕಳೆದುಹೋಗಿಲ್ಲ. ಆದರೆ 0.6 ಡಿಗ್ರಿ ಬಿಸಿಯಾದ ನೀರಿನಿಂದ ಒಂದು ಬಲ್ಬನ್ನೂ ಉರಿಸುವುದು ಕಷ್ಟ.

ನಮ್ಮ ಮನೆಗಳಲ್ಲಿ ಆಗುವುದೂ ಹೀಗೆಯೇ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಕೋಣೆ ತಂಪಾಗುವುದಿಲ್ಲ, ಒಂಚೂರು ಬಿಸಿಯೇ ಆಗುತ್ತದೆ. ಮೋಟಾರಿನ ಬಿಸಿ, ಗಾಳಿಯ ಓಟ ಎಲ್ಲವೂ ಕೊನೆಗೆ ಶಾಖವಾಗಿ ಗೋಡೆ, ನೆಲಕ್ಕೆ ಹರಡಿಹೋಗುತ್ತವೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಹುಳಿ ಎಲ್ಲೂ ಹೋಗಿಲ್ಲ, ಹೊಳೆಯಲ್ಲೇ ಇದೆ, ಸಾರು ಮಾಡಲು ಮಾತ್ರ ಬರುವುದಿಲ್ಲ. ನಾವು ಉಳಿಸಬೇಕಾದ್ದು ಕೆಲಸಕ್ಕೆ ಬರುವ ರೂಪದಲ್ಲಿರುವ ಶಕ್ತಿಯನ್ನು. ಇದನ್ನು ಒಂಬತ್ತನೇ ತರಗತಿಗೆ ಹೇಳಬಾರದು, ಪಿಯುಸಿಗೆ ಇರಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೂತ್ರ ಬೇಕಾದರೆ ಪಿಯುಸಿಗೆ ಇರಲಿ, ಮಾತು ಈಗಲೇ ಆಗಲಿ. ಪ್ರಶ್ನೆ ಹುಟ್ಟಿರುವುದು ಈಗ ಅಲ್ವಾ?

ಪೀರಿಯಡ್ ಸಾಲುವುದಿಲ್ಲ ಎಂದು ಬರೆದಿದ್ದೀರಿ, ಆ ಕಷ್ಟ ನಿಜ. ವ್ಯಾಖ್ಯೆ ಬರೆಸುವ ಹೊತ್ತನ್ನು ಪೈಪಿಗೆ ಕೊಡಿ, ವ್ಯಾಖ್ಯೆಗಳು ಪುಸ್ತಕದಲ್ಲಿ ಇದ್ದೇ ಇವೆ. ನಿಮ್ಮ ಮಕ್ಕಳ ಅಳತೆಗಳನ್ನು ನಮಗೆ ಕಳಿಸಿ. ಬಂದದ್ದು ಬಂದ ಹಾಗೆಯೇ ಬರೆಯಲಿ, 2 ಡಿಗ್ರಿಗೆ ಹೊಂದಿಸಿ ತಿದ್ದುವುದು ಬೇಡ. ಅವನ್ನು ಹಾಗೆಯೇ ಅಚ್ಚು ಮಾಡುತ್ತೇವೆ.