ಮಗುವಿಗಾಗಿ ಪ್ರಯತ್ನಿಸುವಾಗ ಗಿಡಮೂಲಿಕೆ ಕ್ಯಾಪ್ಸೂಲ್ ನುಂಗಬಹುದೇ?

ಪ್ರಶ್ನೆ: ನನಗೆ 31 ವರ್ಷ. ಪಿಸಿಓಎಸ್ (ಅಂಡ ಬಿಡುಗಡೆಯಲ್ಲಿ ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ, ಮುಟ್ಟು ಎರಡು ತಿಂಗಳಿಗೊಮ್ಮೆ. ಥೈರಾಯ್ಡ್ ಕಡಿಮೆ ಇರುವುದರಿಂದ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮೂರು ವಾರದಿಂದ ಅತಿಮಧುರ, ಅಶ್ವಗಂಧ, ಶತಾವರಿ ಸಾರದ ಕ್ಯಾಪ್ಸೂಲನ್ನು ದಿನಕ್ಕೆ ಎರಡು ನುಂಗುತ್ತಿದ್ದೇನೆ. ಒಂದರಲ್ಲಿ ಅತಿಮಧುರದ ಸಾರ 500 ಮಿ.ಗ್ರಾಂ, ಗ್ಲಿಸಿರೈಜಿನ್ (ಅತಿಮಧುರದ ಸಿಹಿ ಸತ್ವ) ಶೇ 20 ಎಂದು ಬರೆದಿದೆ. ಉಳಿದೆರಡರ ಪ್ರಮಾಣ ಬರೆದಿಲ್ಲ. ಗರ್ಭ ನಿಲ್ಲುವ ತನಕ ಮುಂದುವರಿಸಬಹುದೇ?

ಉತ್ತರ: ಬೇಡ, ಇಂದೇ ನಿಲ್ಲಿಸಿ. 'ಗರ್ಭ ನಿಲ್ಲುವ ತನಕ' ಎಂಬ ಲೆಕ್ಕ ನಿಮ್ಮ ವಿಷಯದಲ್ಲಿ ಕೂಡಿಬರುವುದಿಲ್ಲ. ಮುಟ್ಟು ಹೇಗೂ ತಡವಾಗುವುದರಿಂದ ಗರ್ಭ ನಿಂತದ್ದು ಗೊತ್ತಾಗುವಷ್ಟರಲ್ಲಿ ಭ್ರೂಣದ ಅಂಗಗಳು ಮೂಡತೊಡಗಿರುತ್ತವೆ. ಈಗಲೇ ಒಮ್ಮೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

ಇನ್ನು ಅತಿಮಧುರ. 500 ಮಿ.ಗ್ರಾಂನಲ್ಲಿ ಶೇ 20 ಎಂದರೆ 100 ಮಿ.ಗ್ರಾಂ ಗ್ಲಿಸಿರೈಜಿನ್, ಎರಡಕ್ಕೆ 200. ದಿನಕ್ಕೆ 100 ಮೀರದಿರಲಿ ಎಂದು ಐರೋಪ್ಯ ಒಕ್ಕೂಟದ ಆಹಾರ ವೈಜ್ಞಾನಿಕ ಸಮಿತಿ 2003ರಲ್ಲೇ ಹೇಳಿದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಗ್ಲಿಸಿರೈಜಿನ್ ತಡೆಯುತ್ತದೆ. ಆಗ ಉಳಿದ ಕಾರ್ಟಿಸಾಲ್‌ನಿಂದಾಗಿ ಉಪ್ಪು, ನೀರು ಮೈಯಲ್ಲೇ ಉಳಿದು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಾಲು ಬಾವು, ಸ್ನಾಯುಗಳ ನಿಶ್ಶಕ್ತಿ, ಎದೆ ಡವಗುಟ್ಟುವುದು ಇದ್ದರೆ ಬಿಪಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ತಡಮಾಡಬೇಡಿ. ಮೂಲಿಕೆ ಕಲಬೆರಕೆಯಾದರೆ ಮಾತ್ರ ತೊಂದರೆ ಎಂದುಕೊಳ್ಳುವವರೇ ಹೆಚ್ಚು; ಇದು ಅಪ್ಪಟ ಅತಿಮಧುರದಿಂದಲೇ ಆಗುವಂಥದ್ದು.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅದರ ಮೇಲೆ ಮಾತ್ರೆಯೂ ಸೇರಿದರೆ ಡೋಸ್ ಹೆಚ್ಚಾದಂತೆಯೇ. ಮಾತ್ರೆಯನ್ನು ನೀವಾಗಿಯೇ ಬದಲಿಸಬೇಡಿ. ಕ್ಯಾಪ್ಸೂಲ್ ಬಿಟ್ಟು ಆರು ವಾರದ ಮೇಲೆ ಥೈರಾಯ್ಡ್ ಸ್ಥಿತಿ ತಿಳಿಸುವ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿಸಿ. ಗರ್ಭ ನಿಂತಿದ್ದರೆ ಕಾಯದೆ ತಕ್ಷಣ ನೋಡಿಸಿ. ಅಪರೂಪಕ್ಕೆ ಅಶ್ವಗಂಧದಿಂದ ಯಕೃತ್ತಿಗೂ ಪೆಟ್ಟು ಬೀಳುತ್ತದೆ, ಸಾಮಾನ್ಯವಾಗಿ ಶುರುಮಾಡಿದ 2ರಿಂದ 12 ವಾರದೊಳಗೆ. ಮೈ ತುರಿಕೆ, ಕಡುಬಣ್ಣದ ಮೂತ್ರ, ಹಳದಿ ಕಣ್ಣು ಅದರ ಸೂಚನೆ. ಶತಾವರಿ ಇವೆರಡರಷ್ಟು ಕಾಡುವುದಿಲ್ಲವಾದರೂ ಗರ್ಭಿಣಿಯರಿಗೆ ಸುರಕ್ಷಿತ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಪ್ರಮಾಣವನ್ನೇ ಬರೆಯದ ಮಿಶ್ರಣವನ್ನಂತೂ ಮತ್ತೆ ಕೊಳ್ಳಬೇಡಿ.

ಎರಡು ತಿಂಗಳಿಗೊಮ್ಮೆ ಮುಟ್ಟೆಂದರೆ ವರ್ಷಕ್ಕೆ ಅಂಡ ಬಿಡುಗಡೆಯಾಗುವುದು ಹೆಚ್ಚೆಂದರೆ ಆರು ಸಲ. ಸರಿಪಡಿಸಬೇಕಾದದ್ದು ಅದನ್ನು. ಪಿಸಿಓಎಸ್‌ನಲ್ಲಿ ಇದಕ್ಕೆ ಮೊದಲು ಕೊಡುವ ಔಷಧ ಲೆಟ್ರೊಜೋಲ್. ಸ್ತ್ರೀರೋಗ ತಜ್ಞರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೊಗ್ರಾಂ ಈಗಿನಿಂದಲೇ ಶುರುಮಾಡಿ. ತಜ್ಞರ ಬಳಿ ಹೋಗುವಾಗ ಕ್ಯಾಪ್ಸೂಲಿನ ಡಬ್ಬಿಯನ್ನೂ ಕೊಂಡೊಯ್ಯಿರಿ.