ವೂ-ಟ್ಯಾಂಗ್ ಕ್ಲ್ಯಾನ್‌ನಲ್ಲಿ ಯಾರ ದನಿ ಯಾವುದು?

ಅಮೆರಿಕದ ರ‍್ಯಾಪ್ ಗುಂಪು ವೂ-ಟ್ಯಾಂಗ್ ಕ್ಲ್ಯಾನ್‌ನ ಹಾಡುಗಳಲ್ಲಿ ಯಾರ ದನಿ ಯಾವುದೆಂದು ಗೊತ್ತಾಗುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಅವರ 1993ರ ಮೊದಲ ಆಲ್ಬಮ್ ಕೇಳಿ ನೇರವಾಗಿ 1997ರ ‘ವೂ-ಟ್ಯಾಂಗ್ ಫಾರೆವರ್’ಗೆ ಹಾರಿದ್ದೀರಿ. ದನಿಗಳು ಕಲಸಿಹೋಗಿರುವುದು ಬಹುಶಃ ಅದಕ್ಕೇ. ನಡುವಿನ ವರ್ಷಗಳಲ್ಲಿ ಇವರು ಸುಮ್ನೆ ಕೂತಿರಲಿಲ್ಲ. ಹಲವರು ಬೇರೆ ಬೇರೆ ಕಂಪನಿಗಳಿಂದ ತಮ್ಮದೇ ಆಲ್ಬಮ್ ತಂದರು, ಹೆಚ್ಚಿನವಕ್ಕೆ ಬೀಟ್ (ಹಿನ್ನೆಲೆ ಸಂಗೀತ) ಕಟ್ಟಿದ್ದು ಗುಂಪಿನವನೇ ಆದ ರಿಝಾ. ಗುಂಪಿನ ಅರ್ಧ ಕಥೆ ಅಲ್ಲೇ ಇದೆ.

ಮೊದಲು ಹಳೇ ಆಲ್ಬಮ್‌ನ ‘ಕ್ರೀಮ್’ ಹಾಡಿಗೆ ವಾಪಸ್ ಹೋಗಿ. ಮೊದಲ ಚರಣ ರೇಕ್ವಾನ್, ಎರಡನೆಯದು ಇನ್‌ಸ್ಪೆಕ್ಟಾ ಡೆಕ್, ಪಲ್ಲವಿ ಮೆಥಡ್ ಮ್ಯಾನ್. ಮೂರೂ ದನಿ ಕಿವಿಯಲ್ಲಿ ಕೂರುವವರೆಗೆ ಮುಂದೆ ಹೋಗಬೇಡಿ. ನನಗೂ ಗಂಟು ಬಿಚ್ಚಿದ್ದು ಇದೇ ಹಾಡಿನಲ್ಲಿ.

ಆಮೇಲೆ ಮೆಥಡ್ ಮ್ಯಾನ್‌ನ ‘ಟಿಕಾಲ್’ (1994). ಮುಂದಿನದು 1995ರ ರೇಕ್ವಾನ್ ಆಲ್ಬಮ್. ಅದರ ತುಂಬಾ ಗುಂಪಿನ ಇನ್ನೊಬ್ಬ ರ‍್ಯಾಪರ್ ಗೋಸ್ಟ್‌ಫೇಸ್ ಜೊತೆಗಿರುತ್ತಾನೆ, ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಗುರುತಿಸಬಹುದು. ಅದೇ ವರ್ಷದ ಜಿಝಾನ ‘ಲಿಕ್ವಿಡ್ ಸ್ವೋರ್ಡ್ಸ್’ ಬಿಡಲೇಬೇಡಿ. ಪುಟ್ಟ ಹುಡುಗನೊಬ್ಬ ತನ್ನ ತಂದೆಯ ಬಗ್ಗೆ ಹೇಳುವ ಮಾತಿನಿಂದ ಶುರುವಾಗುತ್ತದೆ, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಓಲ್ ಡರ್ಟಿ ಬಾಸ್ಟರ್ಡ್‌ನ ಆಲ್ಬಮ್ ನಿಮಗೆ ಹಿಡಿಸುತ್ತದೋ ಇಲ್ಲವೋ ಹೇಳಲಾರೆ, ಆದರೆ ಆ ದನಿ ಒಂದೇ ಸಲಕ್ಕೆ ಗುರುತು ಸಿಗುತ್ತದೆ.

ಇಷ್ಟಾದ ಮೇಲೆ ‘ಫಾರೆವರ್’ ಹಾಕಿ. ಅದು ಎರಡು ಡಿಸ್ಕಿನ ಆಲ್ಬಮ್, ದಿನಕ್ಕೊಂದು ಸಾಕು.