ನ್ಯೂರೆಂಬರ್ಗ್‌ಗೆ ಹೊರಟಿರುವ ಗದುಗಿನ ತಂಗಿಗೆ

ತಂಗಿ,

ಮಾರ್ಚ್ ಕೊನೆಗೆ ಜರ್ಮನಿಯ ನ್ಯೂರೆಂಬರ್ಗ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರುತ್ತಿರುವುದಾಗಿ ಬರೆದಿದ್ದೀಯ. ಅಲ್ಲಿನ ಬದುಕು ಹೇಗೆ, ಒಂಟಿತನ ಕಾಡುತ್ತದೆಯೇ ಎಂದು ಕೇಳಿದ್ದೀಯ. ಕೊನೆಯಲ್ಲಿ ಸಂಕೋಚದಿಂದ ಇನ್ನೊಂದು ಮಾತನ್ನೂ ಸೇರಿಸಿದ್ದೀಯ: ಬೇಸಿಗೆಯಲ್ಲಿ ಅಲ್ಲಿ ಊರೂರಿಗೂ ಟ್ರಯಥ್ಲಾನ್, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಸ್ಪರ್ಧೆ, ನಡೆಯುತ್ತದಂತೆ, ಶಾಲೆಯಲ್ಲಿದ್ದಾಗ ಜಿಲ್ಲಾ ಮಟ್ಟದಲ್ಲಿ ಸೈಕಲ್ ತುಳಿದವಳು ಅದಕ್ಕೆ ಇಳಿಯಬಹುದೇ ಎಂದು. ಇಳಿಯಬಹುದು, ಇಳಿಯಲೇಬೇಕು. ಒಂಟಿತನದ ಪ್ರಶ್ನೆಗೂ ನನ್ನ ಉತ್ತರ ಅದರಲ್ಲೇ ಇದೆ. ರಜೆಗೆಂದು ಜರ್ಮನಿಯಿಂದ ಧಾರವಾಡದ ತವರುಮನೆಗೆ ಬಂದಿದ್ದೇನೆ, ಬಿಡುವಿದೆ. ಹಾಗಾಗಿ ಸಾವಕಾಶವಾಗಿ ಬರೆಯುತ್ತೇನೆ.

ವಾರದ ದಿನಗಳು ವಾರ್ಡಿನ ಕೆಲಸದಲ್ಲಿ ಕಳೆದುಹೋಗುತ್ತವೆ. ಕಷ್ಟವೆಂದರೆ ಭಾನುವಾರ. ಜರ್ಮನಿಯಲ್ಲಿ ಅಂದು ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬೀದಿಗಳು ಬಿಕೋ ಎನ್ನುತ್ತವೆ. ಹೇಳದೆ ಕೇಳದೆ ಮನೆಗೆ ಬಂದು ಚಹಾ ಕುಡಿದು ಹೋಗುವ ನಮ್ಮ ಕಡೆಯ ರೂಢಿ ಅಲ್ಲಿಲ್ಲ. ಯುಗಾದಿಗೆ, ದೀಪಾವಳಿಗೆ, ರಾಜ್ಯೋತ್ಸವಕ್ಕೆ ಕನ್ನಡದವರು ಸೇರುತ್ತಾರೆ. ತಪ್ಪದೆ ಹೋಗು, ಮನಸ್ಸು ಹಗುರಾಗುತ್ತದೆ. ಆದರೆ ಒಂದು ಹಬ್ಬಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟೊಂದು ಭಾನುವಾರಗಳು! ಅವನ್ನು ತುಂಬುವುದು ಆ ದೇಶದ ಕ್ರೀಡಾ ಸಂಘಗಳು. ಹಳ್ಳಿಹಳ್ಳಿಗೂ ಒಂದೊಂದು ಸಂಘವಿದೆ, ವರ್ಷದ ಚಂದಾ ಕೈಗೆಟುಕುವಷ್ಟೇ ಇರುತ್ತದೆ. ನೀನು ಯಾರ ಪೈಕಿ, ಯಾವ ಊರಿನವಳು ಎಂದು ಅಲ್ಲಿ ಮೊದಲು ವಿಚಾರಿಸುವುದಿಲ್ಲ. ಈಜಿನ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತೀಯಾ, ಸ್ಪರ್ಧೆಯ ದಿನ ಮೇಜು ಎತ್ತಿಡಲು ನಿಲ್ಲುತ್ತೀಯಾ ಎಂಬುದನ್ನು ಗಮನಿಸುತ್ತಾರೆ. ಎರಡೂ ಸರಿ ಇದ್ದರೆ ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ನೀನು ಅವರವಳಾಗಿರುತ್ತೀಯ.

ಟ್ರಯಥ್ಲಾನ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದೊಡ್ಡ ಸ್ಪರ್ಧೆಗಳೇ. ನ್ಯೂರೆಂಬರ್ಗ್‌ನಿಂದ ಸುಮಾರು 25 ಕಿ.ಮೀ. ದಕ್ಷಿಣಕ್ಕಿರುವ ರೋತ್ ಎಂಬ ಪಟ್ಟಣದಲ್ಲಿ ಪ್ರತಿ ಬೇಸಿಗೆಯಲ್ಲಿ ಜಗತ್ಪ್ರಸಿದ್ಧ ಸ್ಪರ್ಧೆ ನಡೆಯುತ್ತದೆ. ಕಾಲುವೆಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ನನ್ನ ಮಾತು ಕೇಳು, ಅದರ ಆಸೆಯನ್ನು ಕೆಲವು ವರ್ಷ ಪಕ್ಕಕ್ಕಿಡು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿದ ಟ್ರಯಥ್ಲಾನ್‌ನಲ್ಲಿ ಈಜು 1.5, ಸೈಕಲ್ 40, ಓಟ 10 ಕಿ.ಮೀ. ಅದೂ ಈಗಲೇ ಬೇಡ. ಊರಿನ ಸಂಘಗಳು ಜನಸಾಮಾನ್ಯರಿಗಾಗಿ ನಡೆಸುವ ಸ್ಪರ್ಧೆಗಳಲ್ಲಿ ಈಜು ಸುಮಾರು 500 ಮೀಟರ್, ಸೈಕಲ್ 20 ಕಿ.ಮೀ., ಓಟ 5 ಕಿ.ಮೀ. ಇರುತ್ತದೆ. ಇಪ್ಪತ್ತು ಕಿಲೋಮೀಟರ್ ಎಂದರೆ ಗದಗದಿಂದ ಡಂಬಳದ ದೊಡ್ಡಬಸಪ್ಪನ ಗುಡಿಯವರೆಗೆ ಹೋದಷ್ಟು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ತುಳಿದವಳಿಗೆ ಅಲ್ಲಿನ ರಸ್ತೆ ಹಗುರವೇ ಅನ್ನಿಸೀತು. ಇಂಥ ಚಿಕ್ಕ ಸ್ಪರ್ಧೆಗಳನ್ನು ಬೇಸಿಗೆಗೆ ಮೂರ್ನಾಲ್ಕು ಮಾಡುವುದು, ಒಂದೇ ದೊಡ್ಡದಕ್ಕಾಗಿ ವರ್ಷವಿಡೀ ಜೀವ ತೇಯುವುದಕ್ಕಿಂತ ಮೇಲು. ದೇಹವೂ ಉಳಿಯುತ್ತದೆ, ಹತ್ತಾರು ಹಳ್ಳಿಗಳೂ ಪರಿಚಯವಾಗುತ್ತವೆ.

ಸೈಕಲ್ ನಿನಗೆ ಗೊತ್ತಿರುವ ವಿದ್ಯೆ, ಓಟ ಅಭ್ಯಾಸದಿಂದ ಬರುತ್ತದೆ. ನಾನು ಒತ್ತಿ ಹೇಳಬೇಕಾದದ್ದು ನೀರಿನ ಬಗ್ಗೆ. ಹೊಲದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತೆ ಎಂದಿದ್ದೀಯ. ಆ ಧೈರ್ಯ ದೊಡ್ಡದು, ಅದನ್ನು ಯಾವ ತರಬೇತುದಾರನೂ ಕೊಡಲಾರ. ಆದರೆ ತಲೆ ಮೇಲೆತ್ತಿ ಈಜಿದರೆ ಸೊಂಟ ಕೆಳಗಿಳಿಯುತ್ತದೆ, ಸ್ವಲ್ಪ ದೂರಕ್ಕೇ ತೋಳು ಸೋಲುತ್ತದೆ. ಮುಖವನ್ನು ನೀರಿನೊಳಗಿಟ್ಟು, ಉಸಿರನ್ನು ನೀರಿನಲ್ಲೇ ಬಿಟ್ಟು, ಪಕ್ಕಕ್ಕೆ ಹೊರಳಿ ಉಸಿರೆಳೆದುಕೊಳ್ಳುವುದನ್ನು ಹೊರಡುವ ಮೊದಲೇ ಕಲಿತುಕೋ. ಗದಗವಾಗಲಿ ಹುಬ್ಬಳ್ಳಿಯಾಗಲಿ, ಮಹಿಳೆಯರಿಗೆ ಬೇರೆ ಸಮಯವಿರುವ ಈಜುಕೊಳ ಹುಡುಕಿ ಇವತ್ತೇ ಹೆಸರು ಹಚ್ಚು.

ಅಲ್ಲಿ ಸ್ಪರ್ಧೆ ನಡೆಯುವುದು ಬಹುಮಟ್ಟಿಗೆ ಸರೋವರದಲ್ಲಿ ಅಥವಾ ಕಾಲುವೆಯಲ್ಲಿ. ಮೇ ತಿಂಗಳಲ್ಲೂ ನೀರು ಕೊರೆಯುತ್ತಿರುತ್ತದೆ. ಇಳಿದ ಕ್ಷಣ ಎದೆ ಹಿಡಿದಂತಾಗಿ ಉಸಿರು ತಾನಾಗಿಯೇ ಏರುತ್ತದೆ. ತಣ್ಣೀರಿಗೆ ದೇಹ ಹಾಗೆಯೇ ಸ್ಪಂದಿಸುತ್ತದೆ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಈಜಲು ಹೋಗದೆ, ದಡದ ಹತ್ತಿರ ನಿಂತು ದೀರ್ಘವಾಗಿ ಉಸಿರು ಬಿಡು. ತಳ ಕಾಣುವುದಿಲ್ಲ, ಕಣ್ಣೆದುರು ಹಸಿರುಗಪ್ಪು ಮಾತ್ರ. ಕೊಳದಲ್ಲಿರುವಂತೆ ತಳದ ಗೆರೆ ನೋಡಿ ಈಜುವ ಹಾಗಿಲ್ಲ. ದಾರಿ ತೋರಿಸಲು ತೇಲಿಬಿಟ್ಟ ದೊಡ್ಡ ಬಲೂನಿನ ಕಡೆಗೆ ಏಳೆಂಟು ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣೆತ್ತಬೇಕು. ಆರಂಭದಲ್ಲಿ ಎಲ್ಲರ ಕೈಕಾಲು ಎಲ್ಲರಿಗೂ ತಾಗುತ್ತದೆ, ಆದ್ದರಿಂದ ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲು. ದಿಗಿಲಾದರೆ ಕೈ ಮೇಲೆತ್ತು. ರಕ್ಷಣಾ ಸ್ವಯಂಸೇವಕರು ಹಲಗೆ ತರುತ್ತಾರೆ. ಅದನ್ನು ಹಿಡಿದು ಸುಧಾರಿಸಿಕೊಂಡರೆ ತಪ್ಪಲ್ಲ, ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೆ. ಅಭ್ಯಾಸಕ್ಕೆ ಸರೋವರಕ್ಕೆ ಒಬ್ಬಳೇ ಎಂದೂ ಇಳಿಯಬೇಡ. ರಾತ್ರಿಪಾಳಿ ಮುಗಿಸಿದ ಬೆಳಿಗ್ಗೆಯಂತೂ ಜೊತೆ ಇದ್ದರೂ ಬೇಡ.

ನೀರಿನಿಂದ ಎದ್ದು ಓಡಿದರೆ ಸೈಕಲ್‌ಗಳನ್ನು ಸಾಲಾಗಿ ತೂಗುಹಾಕಿದ ಕಬ್ಬಿಣದ ಕಂಬಿಗಳು. ನಿನ್ನ ಸಂಖ್ಯೆಯ ಜಾಗದಲ್ಲಿ ಒಂದು ಟವೆಲ್, ಅದರ ಮೇಲೆ ಬಾಯ್ತೆರೆದಿಟ್ಟ ಶೂ, ಹ್ಯಾಂಡಲ್ ಮೇಲೆ ಮಗುಚಿಟ್ಟ ಹೆಲ್ಮೆಟ್, ಎರಡೂ ಪಟ್ಟಿಗಳು ಹೊರಗೆ ಇಳಿಬಿಟ್ಟಿರಬೇಕು. ಹೆಲ್ಮೆಟ್ಟಿನ ಕೊಂಡಿ ಹಾಕುವ ಮೊದಲು ಸೈಕಲ್ ಮುಟ್ಟಿದರೆ ತೀರ್ಪುಗಾರರು ತಡೆಯುತ್ತಾರೆ. ಒದ್ದೆ ಬೆರಳು ನಡುಗುತ್ತಿರುವಾಗ ಆ ಕೊಂಡಿ ಸುಲಭಕ್ಕೆ ಕೂರುವುದಿಲ್ಲ. ಮನೆಯಲ್ಲೇ ಬಕೆಟ್ ನೀರಿನಲ್ಲಿ ಕೈ ಅದ್ದಿ ಹತ್ತಾರು ಸಲ ಅಭ್ಯಾಸ ಮಾಡು. ಸಂಖ್ಯೆಯ ಚೀಟಿ ಸೈಕಲ್ ಮೇಲೆ ಬೆನ್ನಿಗೆ, ಓಡುವಾಗ ಹೊಟ್ಟೆಯ ಮುಂದೆ. ಮುಂದಿನವರ ಗಾಳಿಯ ಮರೆಯಲ್ಲಿ ತುಳಿಯುವಂತಿಲ್ಲ. ನಮ್ಮ ಕಡೆ ಗುಂಪಾಗಿ ಸೈಕಲ್ ತುಳಿದು ರೂಢಿಯಾದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಉಡುಪಿನ ವಿಷಯಕ್ಕೆ ಅಮ್ಮ ಅಂಜುತ್ತಿದ್ದಾರೆ ಎಂದೆಯಲ್ಲ. ತಣ್ಣೀರಿನಲ್ಲಿ ತೊಡುವ ವೆಟ್‌ಸೂಟ್ ಕುತ್ತಿಗೆಯಿಂದ ಕಾಲಿನ ಗಂಟಿನವರೆಗೆ ಮೈ ಮುಚ್ಚುತ್ತದೆ. ಚಿಕ್ಕ ಸ್ಪರ್ಧೆಗಳಲ್ಲಿ ನೀರು 22 ಡಿಗ್ರಿ ಮೀರಿದರೆ ಅದನ್ನು ತೊಡುವಂತಿಲ್ಲ, ಆಗ ಈಜುಡುಗೆ ಬೇಕು. ಸೈಕಲ್‌ಗೆ, ಓಟಕ್ಕೆ ಉದ್ದನೆಯ ಪ್ಯಾಂಟ್, ಟೀಶರ್ಟ್ ಹಾಕಿಕೊಳ್ಳಬಹುದು. ನಾನೂ ಹಾಗೆಯೇ ಓಡಿದ್ದೇನೆ, ಯಾರೂ ತಿರುಗಿ ನೋಡಲಿಲ್ಲ. ಐದೈದು ವರ್ಷದ ವಯೋವರ್ಗಗಳಿರುವುದರಿಂದ ಅಜ್ಜಿಯಂದಿರೂ ಇಳಿಯುತ್ತಾರೆ ಎಂದು ಅಮ್ಮನಿಗೆ ಹೇಳು.

ಆದರೆ ಮೊದಲ ಬೇಸಿಗೆಯಲ್ಲಿ ಆತುರ ಬೇಡ. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟಕ್ಕೆ, ಅಂದರೆ ಸರಾಗವಾಗಿ ಮಾತನಾಡುವಷ್ಟಕ್ಕೆ, ಬರಬೇಕು, ನಿನ್ನ ಮೊದಲ ಕೆಲಸ ಅದು. ಜೂನ್, ಜುಲೈನಲ್ಲಿ ಸ್ವಯಂಸೇವಕಿಯಾಗಿ ನಿಲ್ಲು. ರೋತ್‌ನ ಸ್ಪರ್ಧೆಗೆ ಸಾವಿರಾರು ಸ್ವಯಂಸೇವಕರು ಬೇಕು. ನೀರಿನ ಲೋಟ ಹಿಡಿದು ಒಂದು ದಿನ ನಿಂತರೆ, ತರಗತಿಯಲ್ಲಿ ಯಾರೂ ಕಲಿಸದ ಆ ಭಾಗದ ಆಡುಮಾತು ಕಿವಿಗೆ ಬೀಳುತ್ತದೆ. ನಿನ್ನ ವಾರ್ಡಿನ ರೋಗಿಗಳು ಮಾತನಾಡುವುದೂ ಅದನ್ನೇ. ಆಗಸ್ಟ್ ಕೊನೆಯಲ್ಲಿ ಒಂದು ಚಿಕ್ಕ ಸ್ಪರ್ಧೆ ಮಾಡು. ಸಂಘದ ಸದಸ್ಯತ್ವ ಇಲ್ಲದಿದ್ದರೂ ಒಂದು ದಿನದ ಪರವಾನಗಿ ಕೊಂಡು ಭಾಗವಹಿಸಬಹುದು.

ಸ್ಪರ್ಧೆಯ ಭಾನುವಾರ ರಜೆ ಸಿಗಲು ಒಂದು ಉಪಾಯ ಹೇಳುತ್ತೇನೆ. ಪಾಳಿಯ ಪಟ್ಟಿ ಮೊದಲೇ ಬರುತ್ತದೆ. ಮಕ್ಕಳಿರುವ ಸಹೋದ್ಯೋಗಿಗಳಿಗೆ ಕ್ರಿಸ್‌ಮಸ್ ಹಿಂದಿನ ದಿನ, ಡಿಸೆಂಬರ್ 24ರ ಸಂಜೆ, ಮನೆಯಲ್ಲಿರಬೇಕು. ಆ ಪಾಳಿ ನಾನು ಮಾಡುತ್ತೇನೆ, ಬೇಸಿಗೆಯ ಈ ಭಾನುವಾರ ನನಗೆ ಬಿಟ್ಟುಕೊಡಿ ಎಂದು ವಸಂತದಲ್ಲೇ ಕೇಳಿಬಿಡು. ಸಂತೋಷದಿಂದ ಒಪ್ಪುತ್ತಾರೆ.

ಊಟದ ಬಗ್ಗೆ: ಸ್ಪರ್ಧೆಯ ಬೆಳಿಗ್ಗೆ ರೊಟ್ಟಿ, ಕಾಳುಪಲ್ಯ ಬೇಡ, ನಾರಿನಂಶ ಹೊಟ್ಟೆ ಕೆಡಿಸುತ್ತದೆ. ಅವಲಕ್ಕಿ ಅಥವಾ ಮೊಸರನ್ನ ಸಾಕು. ಮುಗಿದ ಮೇಲೆ ಕಲ್ಲಂಗಡಿ, ಬಾಳೆಹಣ್ಣು, ಸಂಘದವರು ಮನೆಯಲ್ಲೇ ಮಾಡಿ ತಂದ ಕೇಕ್ ಸಿಗುತ್ತವೆ. ಮೊಟ್ಟೆ ತಿನ್ನದಿದ್ದರೆ ಕೇಳಿ ತಿನ್ನು. ಪೇಡೆ ಒಯ್ಯುವ ಯೋಚನೆ ಬಿಡು, ಭಾರತದಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಶೇಂಗಾ ಹೋಳಿಗೆ ಕಟ್ಟಿಕೋ.

ಸೈಕಲ್ಲನ್ನೂ ಇಲ್ಲಿಂದ ಹೊರಬೇಡ, ಅಲ್ಲಿ ಹಳೆಯ ಒಳ್ಳೆಯ ಸೈಕಲ್ ಸಿಗುತ್ತದೆ. ಬರುವ ಭಾನುವಾರ ಅಮ್ಮನನ್ನೂ ಕರೆದುಕೊಂಡು ಧಾರವಾಡಕ್ಕೆ ಬಾ. ಬೆಳಿಗ್ಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಇಬ್ಬರೂ ಓಡೋಣ, ಆಮೇಲೆ ಅಮ್ಮನ ಪ್ರಶ್ನೆಗಳಿಗೆಲ್ಲ ಕುಳಿತು ಉತ್ತರ ಕೊಡುತ್ತೇನೆ. ಅಷ್ಟರೊಳಗೆ ನಿನ್ನ ಎತ್ತರ, ತೂಕ ಬರೆದು ಕಳಿಸು. ನಮ್ಮ ಸಂಘದಲ್ಲಿ ಹಳೆಯ ವೆಟ್‌ಸೂಟ್ ಕೊಡುವವರಿದ್ದಾರೆ, ನಿನ್ನ ಅಳತೆಯದನ್ನು ತೆಗೆದಿಡಲು ಹೇಳುತ್ತೇನೆ.